ಕಾಫಿ ಕೊಯ್ಲು ಮತ್ತು ಮನೆಯ ಬಸುರಿ

ಡಿಸೆಂಬರ್ ಬಂತೆಂದರೆ ನಮ್ಮ ವೆಳ್ಳಮುಂಡದ ಸುತ್ತಮುತ್ತ ಕಾಫಿ ಕೊಯ್ಲು. ಫೆಬ್ರವರಿಯವರೆಗೂ ಯಾರ ಮನೆಯಲ್ಲಿಯೂ ಪುರುಸೊತ್ತಿಲ್ಲ. ಕಳೆದ ಕೊಯ್ಲಿನ ಸಮಯದಲ್ಲಿ ಮನೆ ಭೇಟಿಗೆ ಹೋದಾಗ, ಏಳು ತಿಂಗಳು ತುಂಬಿದ ಸೊಸೆಯೊಬ್ಬಳು ಬಿಸಿಲಿನಲ್ಲಿ ನಿಂತು ಅಂಗಳದ ಕಾಫಿಯನ್ನು ಕೈಯಾಡಿಸುತ್ತಿದ್ದುದನ್ನು ಕಂಡೆವು. ಬಾತ ಪಾದಗಳಲ್ಲಿ ಚಪ್ಪಲಿಯ ಪಟ್ಟಿ ಒತ್ತಿ ಗುರುತು ಬಿದ್ದಿತ್ತು. ನಾವು ವಿಚಾರಿಸಿದಾಗ ಅತ್ತೆ ನಗುತ್ತಲೇ, "ನಾವೂ ಹೀಗೇ ಹೆತ್ತವರಲ್ಲವೇ ಫಾದರ್?" ಎಂದರು. ಆ ತಾಯಿ ಕೆಟ್ಟವರಲ್ಲ. ಆದರೆ ಬಸುರಿಯ ಕಷ್ಟವನ್ನು ಅವಳೊಬ್ಬಳೇ ಸಹಿಸಿಕೊಳ್ಳಬೇಕೆಂಬ ಈ ವಾಡಿಕೆ ನಮಗೆ ಒಪ್ಪಿಗೆಯಿಲ್ಲ. ವಾಕರಿಕೆ, ಎದೆಯುರಿ, ಸೊಂಟನೋವು, ಕಾಲು ಬಾವು ಸಾಮಾನ್ಯವೆಂಬುದು ನಿಜ. ಸಾಮಾನ್ಯವೆಂದ ಮಾತ್ರಕ್ಕೆ ಪರಿಹಾರ ಬೇಡವೇ? ಪರಿಹಾರದಲ್ಲಿ ಹೆಚ್ಚಿನ ಪಾಲು ಮನೆಯವರ ಕೈಯಲ್ಲೇ ಇದೆ.

ನಾವು ಬೆಳೆಯುವ ಕಾಫಿಯಿಂದಲೇ ಆರಂಭಿಸೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಅನೇಕರು ಕಟ್ಟನ್ ಕಾಫಿಯ ಜೊತೆ ನುಂಗುತ್ತಾರೆ. ಕಾಫಿ, ಚಹಾಗಳಲ್ಲಿರುವ ಒಗರಿನ ಅಂಶ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಮಾತ್ರೆಗೂ ಕಾಫಿಗೂ ಕನಿಷ್ಠ ಒಂದು ಗಂಟೆಯಾದರೂ ಅಂತರವಿರಲಿ. ಸುಣ್ಣದ ಅಂಶದ ಮಾತ್ರೆಯನ್ನೂ ಬೇರೆ ಹೊತ್ತಿನಲ್ಲೇ ತೆಗೆದುಕೊಳ್ಳಬೇಕು. ಮಲ ಕಪ್ಪಾಯಿತೆಂದು, ಮಲಬದ್ಧತೆಯಾಯಿತೆಂದು ಕಬ್ಬಿಣದ ಮಾತ್ರೆ ಬಿಡುವವರೂ ಉಂಟು. ಕಪ್ಪಾಗುವುದರಿಂದ ಅಪಾಯವಿಲ್ಲ. ಮಲಬದ್ಧತೆಗೆ ನೀರು, ಸೊಪ್ಪು, ಹೆಸರುಕಾಳು, ಬಾಳೆಹಣ್ಣು ಮದ್ದು. ಇನ್ನು ನಮ್ಮ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ. ಬಸುರಿಗೆ ದಿನಕ್ಕೆ ಒಂದು ಲೋಟ ತಿಳಿ ಕಾಫಿ ಸಾಕು; ಎದೆಯುರಿಯೂ ಕಡಿಮೆಯಾದೀತು.

ವಾಕರಿಕೆಗೆ ಶುಂಠಿ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2016ರಲ್ಲಿ ಹೇಳಿದೆ. ಶುಂಠಿ ಬೆಳೆಯಲು ಕೊಡಗು, ಮೈಸೂರಿನವರೆಗೂ ಹೋಗಿ ಗದ್ದೆ ಗುತ್ತಿಗೆ ಹಿಡಿಯುವವರು ನಾವು. ಒಂದು ಚೂರು ಮನೆಯ ಬಸುರಿಗೂ ಸಲ್ಲಲಿ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಅವಲಕ್ಕಿಯನ್ನೋ ಮಂಡಕ್ಕಿಯನ್ನೋ ಯಾರಾದರೂ ಅವಳ ಕೈಗೆ ಕೊಡಲಿ. ಆ 'ಯಾರಾದರೂ' ಗಂಡನೇ ಆಗಬಹುದು. ಹೊಟ್ಟೆ ಬರಿದಾದಷ್ಟೂ ವಾಕರಿಕೆ ಹೆಚ್ಚು. ಕೊಯ್ಲು ಮುಗಿಯುವ ಹೊತ್ತಿಗೆ ತಪಸ್ಸು ಕಾಲ ಬರುತ್ತದೆಯಾದ್ದರಿಂದ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತೇವೆ: ಬಸುರಿಗೆ ಉಪವಾಸದ ಕಡ್ಡಾಯವಿಲ್ಲ. ಭಾನುವಾರದ ಪೂಜೆಯಲ್ಲಿಯೂ ಅವಳು ಉದ್ದಕ್ಕೂ ನಿಲ್ಲಬೇಕಾಗಿಲ್ಲ. ಜನಸಂದಣಿಯಲ್ಲಿ ಬಹಳ ಹೊತ್ತು ನಿಂತರೆ ತಲೆ ಸುತ್ತಿ ಬೀಳುವುದುಂಟು. ಅವಳು ಕುಳಿತುಕೊಳ್ಳಲಿ, ಹಿಂದಿನ ಬೆಂಚಿನವರು ತಿರುಗಿ ನೋಡದಿರಲಿ.

ಸಂಜೆ ಕಾಲು ಬಾತರೆ ದಿಂಬಿನ ಮೇಲೆ ಕಾಲಿಟ್ಟು ಎಡಮಗ್ಗುಲಾಗಿ ಮಲಗಬೇಕು. ರಾತ್ರಿ ಮೀನಖಂಡ ಹಿಡಿದುಕೊಂಡರೆ ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ನೀವಬೇಕು. ನೀರಿನ ಕೊಡ, ಕಾಫಿ ಮೂಟೆ ಬೇರೆಯವರ ಪಾಲಿಗಿರಲಿ. ಔಷಧಿ ಹೊಡೆಯುವ ತೋಟದ ಕಡೆಗಂತೂ ಅವಳು ಸುಳಿಯಲೇಬಾರದು. ಸೊಂಟನೋವೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಿಸಬೇಡಿರಿ; ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೂ ಹೃದಯಕ್ಕೂ ಅವುಗಳಿಂದ ಹಾನಿಯಾಗಬಹುದು.

ಆದರೆ ಮುಖ, ಕೈಗಳೂ ಬಾತುಕೊಂಡು ತಲೆ ಸಿಡಿಯತೊಡಗಿದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವು ಬಂದರೆ ಅದು ರಕ್ತದೊತ್ತಡ ಏರಿದ ಸೂಚನೆಯಿರಬಹುದು. ರಕ್ತ ಕಂಡರೂ, ನೀರು ಹೋದರೂ, ಜ್ವರ ಬಂದರೂ, ಮಗುವಿನ ಅಲುಗಾಟ ಕಡಿಮೆಯಾದರೂ ಮನೆಮದ್ದು ಬೇಡ, ಬೆಳಗಾಗಲೆಂದು ಕಾಯುವುದೂ ಬೇಡ. 108ಕ್ಕೆ ಕರೆ ಮಾಡಿ ಮಾನಂದವಾಡಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೊರಡಿರಿ. ಕೋಳಿಕ್ಕೋಡಿಗೆ ಕಳುಹಿಸಬೇಕಾಗಿ ಬಂದರೆ ಮುಂದೆ ಘಟ್ಟದ ರಸ್ತೆಯಿದೆ. ಇಲ್ಲಿ ಕಳೆದ ಹೊತ್ತು ಅಲ್ಲಿ ಸಿಗುವುದಿಲ್ಲ.

2016ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಬಸುರಿಯರಿಗೆ ಉಚಿತ ತಪಾಸಣೆಯುಂಟು. ಆ ದಿನ ಎಷ್ಟೇ ಕೊಯ್ಲಿದ್ದರೂ ಗಂಡನು ಅವಳೊಂದಿಗೆ ಹೋಗಲಿ. ಕೂಲಿಯವರಿಗೆ ಗಂಜಿ ಬಡಿಸುವುದನ್ನು ಆ ಒಂದು ದಿನ ಅತ್ತೆ ಮಾವಂದಿರು ನೋಡಿಕೊಳ್ಳಬಹುದು.