ನಿಮ್ಮನ್ನು ಯಾರು ಕಳಿಸಿದ್ದು?

"ಮೇಡಂ, ನಿಮ್ಮನ್ನು ಯಾರು ಕಳಿಸಿದ್ದು? ನಮ್ಮ ಯಜಮಾನರ ಕಡೆಯವರಾ, ಇಲ್ಲಿನವರಾ?"

ಮೂರು ವರ್ಷಗಳ ಹಿಂದೆ ಊರೊಂದರ ಹೊರವಲಯದ ಮಹಿಳಾ ಆರೈಕೆ ಕೇಂದ್ರಕ್ಕೆ ಹೋದಾಗ, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಎರಡೂ ಕಡೆಯವಳಲ್ಲ ಎಂದೆ. ಆಕೆ ನಂಬಲಿಲ್ಲ. ನಂಬಲು ಕಾರಣವಾದರೂ ಏನಿತ್ತು? ಒಂದು ವರ್ಷ ನಾಲ್ಕು ತಿಂಗಳಲ್ಲಿ ಆಕೆಯನ್ನು ಮಾತನಾಡಿಸಲು ಬಂದವರೆಲ್ಲ ಈ ಎರಡರಲ್ಲಿ ಒಂದು ಕಡೆಯವರೇ ಆಗಿದ್ದರು.

ಆಕೆಯ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ತವರಿನಿಂದ ಸೈಟಿನ ದುಡ್ಡು ತರಲಿಲ್ಲವೆಂದು ಶುರುವಾದ ಹೊಡೆತ, ಹೆರಿಗೆಯಾದ ಮೇಲೆ ನಿದ್ದೆಯಿಲ್ಲದೆ ಅತ್ತ ತಿಂಗಳುಗಳು, ವೈದ್ಯರೊಬ್ಬರು ಬರೆದುಕೊಟ್ಟ ಒಂದು ಚೀಟಿ. ಆ ಚೀಟಿಯನ್ನು ಗಂಡ ಜೋಪಾನವಾಗಿ ಇಟ್ಟುಕೊಂಡಿದ್ದ. ಮಗಳಿಗೆ ಏಳು ವರ್ಷ ತುಂಬಿದಾಗ ಅದು ಉಪಯೋಗಕ್ಕೆ ಬಂತು. ವಿಚ್ಛೇದನಕ್ಕೂ ಮನೋವ್ಯಾಧಿಯನ್ನು ಕಾರಣವಾಗಿ ಒಡ್ಡಬಹುದು ಎಂಬುದನ್ನು ಇಂಥ ಗಂಡಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಂದ್ರದವರು ಕಡತ ತೋರಿಸಿದರು. ಸೇರಿಸಿದವರು ಗಂಡ. ಆಕೆಯ ಪರವಾಗಿ ಒಪ್ಪಿಗೆ ಕೊಟ್ಟವರು ಗಂಡ. ತಿಂಗಳ ಹಣ ಕಟ್ಟುವವರೂ ಗಂಡನೇ. ಆಕೆಯ ಸಹಿ ಎಲ್ಲಿ ಎಂದು ಕೇಳಿದೆ. "ಸಹಿ ಹಾಕೋ ಸ್ಥಿತೀಲಿ ಇರಲಿಲ್ಲ ಮೇಡಂ" ಎಂದರು ಮೇಲ್ವಿಚಾರಕಿ. ಅದೇ ಮೇಜಿನ ಮೇಲೆ ಅಡುಗೆಮನೆಯ ದಾಸ್ತಾನು ಪುಸ್ತಕವಿತ್ತು. ಅಕ್ಕಿ ಎಷ್ಟು, ತೊಗರಿಬೇಳೆ ಎಷ್ಟು, ಎಣ್ಣೆ ಎಷ್ಟು, ದಿನದಿನದ ಲೆಕ್ಕ ದುಂಡನೆಯ ಅಕ್ಷರದಲ್ಲಿ. ಬರೆಯುತ್ತಿದ್ದುದು ಈಕೆಯೇ!

ಮೇಲ್ವಿಚಾರಕಿ ಕೆಟ್ಟವರೆಂದು ನಾನು ಹೇಳುತ್ತಿಲ್ಲ. "ಇಲ್ಲಿ ಏನು ಕಮ್ಮಿಯಾಗಿದೆ ಹೇಳಿ? ಹೊತ್ತುಹೊತ್ತಿಗೆ ಊಟ, ಟಿ.ವಿ., ಶುಕ್ರವಾರ ಭಜನೆ" ಎಂದು ಅವರು ಕೇಳಿದ್ದು ಪ್ರಾಮಾಣಿಕವಾಗಿಯೇ. ಆದರೆ ಗೇಟಿಗೆ ಬೀಗವಿತ್ತು, ಫೋನು ಮುಟ್ಟುವಂತಿರಲಿಲ್ಲ. ಇಂಗ್ಲೆಂಡಿನ ಚೆಷೈರ್ ವೆಸ್ಟ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 2014ರಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ಪ್ರಮುಖ ತೀರ್ಪು ಬರೆದ ನ್ಯಾಯಾಧೀಶೆ ಲೇಡಿ ಹೇಲ್ ಹೇಳಿದ್ದು ಇಷ್ಟು: ಸದಾ ಇನ್ನೊಬ್ಬರ ಕಣ್ಗಾವಲು ಮತ್ತು ಹತೋಟಿಯಲ್ಲಿದ್ದು, ಹೊರಟುಹೋಗುವ ಸ್ವಾತಂತ್ರ್ಯವಿಲ್ಲದಿದ್ದರೆ, ಮನೆ ಎಷ್ಟೇ ಹಿತವಾಗಿರಲಿ, ಒಳಗಿರುವವರು ಪ್ರತಿಭಟಿಸದೇ ಇರಲಿ, ಅದು ಸ್ವಾತಂತ್ರ್ಯಹರಣವೇ.

ಆ ದೇಶದ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯಲ್ಲಿ ಇನ್ನೊಂದು ಏರ್ಪಾಡಿದೆ. ತನ್ನ ಪರ ನಿಲ್ಲಲು ಯಾರೂ ಇಲ್ಲದವರಿಗೆ, ಸಂಸ್ಥೆಗೆ ಸೇರದ ಸ್ವತಂತ್ರ ವ್ಯಕ್ತಿಯೊಬ್ಬರನ್ನು ಅವರ ಪರ ಮಾತನಾಡಲು ನೇಮಿಸಬೇಕು. ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಲಂಡನ್ನಿನ ಹಿಲಿಂಗ್ಡನ್‌ನಲ್ಲಿ, ಕೆಲವೇ ದಿನಗಳ ಆರೈಕೆಗೆಂದು ತಂದೆ ಕಳಿಸಿದ್ದ ಆಟಿಸಂ ಇರುವ ಯುವಕನನ್ನು ಸ್ಥಳೀಯ ಆಡಳಿತ 2010ರ ಇಡೀ ವರ್ಷವೆಂಬಷ್ಟು ಕಾಲ ಮನೆಗೆ ಕಳಿಸಲಿಲ್ಲ. ಅದು ಕಾನೂನುಬಾಹಿರವೆಂದು ನ್ಯಾಯಾಲಯ 2011ರಲ್ಲಿ ತೀರ್ಪಿತ್ತಿತು. ಸ್ವತಂತ್ರ ಪ್ರತಿನಿಧಿಯನ್ನು ಬೇಗನೆ ನೇಮಿಸದೇ ಹೋದದ್ದೂ ಆಡಳಿತದ ತಪ್ಪುಗಳ ಪೈಕಿ ಒಂದೆಂದು ಹೇಳಿತು.

ನಮ್ಮಲ್ಲೂ ಕಾಯ್ದೆ ಇಲ್ಲದಿಲ್ಲ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ನಿಜಕ್ಕೂ ಒಳ್ಳೆಯ ಕಾಯ್ದೆ. ಮಾನಸಿಕ ಕಾಯಿಲೆಯವರನ್ನು ಇರಿಸಿಕೊಂಡು ಆರೈಕೆ ಮಾಡುವ ಇಂಥ ಕೇಂದ್ರಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಸ್ವತಃ ಒಪ್ಪಿಗೆ ಕೊಡಲಾಗದವರನ್ನು ಸೇರಿಸಿಕೊಳ್ಳುವ ಮುನ್ನ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಹೆಂಗಸನ್ನು ಸೇರಿಸಿಕೊಂಡರೆ ಮೂರು ದಿನದೊಳಗೆ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. 30 ದಿನ ಮೀರಿದರೆ ಮತ್ತೆ ಮಂಡಳಿಯ ಮುಂದೆ ಹೋಗಬೇಕು. ತನ್ನ ಪ್ರತಿನಿಧಿ ಯಾರೆಂದು ಆಕೆಯೇ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು.

ಆದರೆ ಆಕೆ ಹೀಗೆ ಬರೆದುಕೊಡದಿದ್ದರೆ? ಆಗ ಸಾಲಿನಲ್ಲಿ ಮುಂದೆ ನಿಲ್ಲುವವರು ಸಂಬಂಧಿಕರು. ಹೊಡೆದ ಕೈಯೇ ಪ್ರತಿನಿಧಿಯ ಕೈಯಾಗುತ್ತದೆ. ಇಂಥ ಪ್ರತಿನಿಧಿಯನ್ನು ಬದಲಿಸುವ ಅಧಿಕಾರ ಮಂಡಳಿಗಿದೆ, ನಿಜ. ಬೀಗದ ಒಳಗಿರುವವಳ ಮಾತನ್ನು ಮಂಡಳಿಗೆ ಮುಟ್ಟಿಸುವವರು ಯಾರು? ಕುಟುಂಬವೇ ಹೆಣ್ಣಿನ ಸಹಜ ರಕ್ಷಕ ಎಂಬ ಹಳೆಯ ನಂಬಿಕೆ ಹೊಸ ಕಾಯ್ದೆಯೊಳಗೂ ಹೀಗೆ ನುಸುಳಿ ಕೂತಿದೆ.

ಇಲ್ಲಿಯೇ ಮಹಿಳಾ ಸಂಘಟನೆಗಳ ಕೆಲಸವಿರುವುದು. ಅದೇ ಕಾಯ್ದೆಯ 77ನೇ ಕಲಮನ್ನು ದಯವಿಟ್ಟು ಓದಿ. ಒಳಗಿರುವಾಕೆ ಒಪ್ಪಿದರೆ, ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ನೇರವಾಗಿ ಮಂಡಳಿಗೆ ಅರ್ಜಿ ಹಾಕಬಹುದು. ಉಚಿತ ಕಾನೂನು ನೆರವಿಗೂ ಆಕೆ ಅರ್ಹಳು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣಿಗೆ ವರಮಾನದ ಮಿತಿಯಿಲ್ಲ. ಇಷ್ಟೂ ಇಲ್ಲದ ಕಾಲದಲ್ಲಿ, 1981ರಲ್ಲಿ, ಆಗ್ರಾದ ರಕ್ಷಣಾ ಗೃಹದಲ್ಲಿದ್ದ ಹೆಂಗಸರ ದುಸ್ಥಿತಿ ಕುರಿತು ಲೋತಿಕಾ ಸರ್ಕಾರ್ ಮತ್ತು ಉಪೇಂದ್ರ ಬಕ್ಷಿ ಎಂಬ ಇಬ್ಬರು ಅಧ್ಯಾಪಕರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆ ಪತ್ರವೇ ಅರ್ಜಿಯಾಯಿತು. ಅವರು ಆ ಹೆಂಗಸರ ನೆಂಟರೂ ಅಲ್ಲ, ಗೃಹದ ನೌಕರರೂ ಅಲ್ಲ.

ನನ್ನ ತಪ್ಪನ್ನೂ ಹೇಳಬೇಕು. ಎರಡನೆಯ ಭೇಟಿಯಲ್ಲಿ ನಾನು, ಮೂವತ್ತು ವರ್ಷ ಪಾಠ ಹೇಳಿದ ಅಭ್ಯಾಸಬಲದಿಂದ, "ಸದ್ಯಕ್ಕೆ ತವರಿಗೆ ಹೋಗಿಬಿಡಮ್ಮ, ಅದೇ ಒಳ್ಳೆಯದು" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೂ ಅವರ ಹಾಗೇ ಮಾತಾಡ್ತೀರಲ್ಲ ಮೇಡಂ" ಎಂದಳು. ತವರಿಗೆ ಹೋದರೆ ಅಣ್ಣ ಮತ್ತೆ ಗಂಡನ ಮನೆಗೇ ಬಿಟ್ಟುಬರುತ್ತಾನೆಂದು ಆಕೆಗೆ ಗೊತ್ತಿತ್ತು. ಆಕೆಗೆ ಬೇಕಿದ್ದುದು ಒಂದು ಕೆಲಸ, ಮಗಳ ಭೇಟಿ, ಮಾತ್ರೆ ಬೇಕೋ ಬೇಡವೋ ಎಂದು ಇನ್ನೊಬ್ಬ ವೈದ್ಯರನ್ನು ಕೇಳುವ ಅವಕಾಶ. ನನಗೆ ಯಾವುದು ಒಳ್ಳೆಯದೆಂದು ತೋರುತ್ತದೋ ಅದನ್ನು ಮುಂದಿಡಲು ಆಕೆ ನನ್ನನ್ನು ಕರೆದಿರಲಿಲ್ಲ. ಅಂದು ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಕೆಳಗೆ ಸಹಿ ಹಾಕಿಸಿಕೊಂಡೆ. ದಾಸ್ತಾನು ಪುಸ್ತಕದ ಅದೇ ದುಂಡನೆಯ ಅಕ್ಷರ. ಪ್ರತಿನಿಧಿಯಾಗಿ ಆಕೆ ಬರೆದದ್ದು ತನ್ನ ಚಿಕ್ಕಮ್ಮನ ಹೆಸರನ್ನು.

ಕಾನೂನು ಸೇವಾ ಸಮಿತಿಯ ವಕೀಲೆ ಆ ಹಾಳೆ ಹಿಡಿದು ಹೋದ ಮೇಲೆ ಬಿಡುಗಡೆಗೆ ಹನ್ನೊಂದು ವಾರ ಹಿಡಿಯಿತು. ಆದರೆ ಹೊರಬಂದ ಹೆಣ್ಣು ಎಲ್ಲಿಗೆ ಹೋಗಬೇಕು? ಮನೆಯವರು ಕೈಬಿಟ್ಟವರಿಗೆ ತಮ್ಮ ಮನೆಯಲ್ಲಿ ವಾಸಿಸುವ ಹಕ್ಕನ್ನು ಚಲಾಯಿಸಲು ಸರ್ಕಾರ ನೆರವಾಗಬೇಕೆಂದು ಈ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೊಟ್ಟಿದೆ. ಈ ಎರಡನ್ನೂ ಜೋಡಿಸಿ ಅರ್ಜಿ ಹಾಕುವುದನ್ನು ನಮ್ಮ ಸಂಘಟನೆಗಳು ಇನ್ನೂ ರೂಢಿಸಿಕೊಳ್ಳಬೇಕಿದೆ.

ಈಕೆಗೆ ಆ ಮನೆ ಬೇಡವಾಗಿತ್ತು. ಈಗ ಚಿಕ್ಕಮ್ಮನ ಮನೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲಿದ್ದಾಳೆ, ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮಗಳನ್ನು ತಿಂಗಳಿಗೆ ಎರಡು ಭಾನುವಾರ ನೋಡಬಹುದೆಂದು ನ್ಯಾಯಾಲಯ ಹೇಳಿದೆ. ಆ ಕೇಂದ್ರದಲ್ಲಿ ಇನ್ನೂ ಇಪ್ಪತ್ತಾರು ಮಂದಿ ಹೆಂಗಸರಿದ್ದಾರೆ. ಮುಂದಿನ ತಿಂಗಳಿನಿಂದ ಪ್ರತಿ ಎರಡನೆಯ ಶನಿವಾರ ಅಲ್ಲಿಗೆ ಹೋಗಲು ನಾವು ನಾಲ್ವರು ಲಿಖಿತ ಅನುಮತಿ ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.