ನಿವೃತ್ತರ ಸೈಕಲ್ ಯಾತ್ರೆ: ಬೇಡ ಎನ್ನುವ ಮೊದಲು

ಶಿವಮೊಗ್ಗದ ಓದುಗರೊಬ್ಬರ ಮಗಳು ಬೆಂಗಳೂರಿನಿಂದ ಪತ್ರ ಬರೆದಿದ್ದಾರೆ. ತಂದೆಗೆ ಈಗ 62 ವರ್ಷ. ಹೈಸ್ಕೂಲ್ ಮೇಷ್ಟರಾಗಿದ್ದು ನಿವೃತ್ತರಾಗಿ ಎರಡು ವರ್ಷವಾಯಿತು. ಸಕ್ಕರೆ ಕಾಯಿಲೆಗೊಂದು, ರಕ್ತದೊತ್ತಡಕ್ಕೊಂದು ಮಾತ್ರೆ ನುಂಗುತ್ತಾರೆ. ಬರುವ ಜನವರಿಯಲ್ಲಿ ಸಾಗರ, ಜೋಗ, ಹೊನ್ನಾವರದ ಮೇಲೆ ಗೋಕರ್ಣದವರೆಗೆ ಒಬ್ಬರೇ ಸೈಕಲ್ಲಿನಲ್ಲಿ ಹೋಗುತ್ತೇನೆಂದು ಹಟ ಹಿಡಿದಿದ್ದಾರಂತೆ. ‘ಈ ವಯಸ್ಸಿನಲ್ಲಿ ಇದೆಲ್ಲ ಕೂಡದು ಎಂದು ನೀವು ಬರೆದರೆ ಅಪ್ಪ ಕೇಳುತ್ತಾರೆ ಡಾಕ್ಟ್ರೇ’ ಎಂಬುದು ಮಗಳ ಕೋರಿಕೆ.

ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ‘ಹೋಗಿ ಬನ್ನಿ’ ಎಂದು ಬೆನ್ನು ತಟ್ಟಿ ಕಳಿಸಿಬಿಡುವುದೂ ಸರಿಯಲ್ಲ. ವಯಸ್ಸೆಷ್ಟು ಎಂದು ಕೇಳಿ ಸುಮ್ಮನಾಗುವ ಮನೆಯವರು ನಿಜವಾಗಿ ಕೇಳಬೇಕಾದದ್ದು ದಿನಕ್ಕೆ ಎಷ್ಟು ದೂರ, ಯಾವ ಮಾತ್ರೆ, ಎಂಥ ರಸ್ತೆ, ಎಷ್ಟು ತಿಂಗಳ ಅಭ್ಯಾಸ ಎಂದು. ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ 62 ಏನು, 70 ಆದರೂ ಹೋಗಬಹುದು. ಸಿಗದಿದ್ದರೆ 40ರವರೂ ಹೋಗಬಾರದು.

ನಮ್ಮ ಸಮಾಜದ ಒಂದು ವಿಚಿತ್ರವನ್ನು ಗಮನಿಸಿ. ಶಿವರಾತ್ರಿಗೆಂದು ಧರ್ಮಸ್ಥಳಕ್ಕೆ ಪ್ರತಿವರ್ಷ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಅವರಲ್ಲಿ ಅರವತ್ತು ದಾಟಿದವರು ಬೇಕಾದಷ್ಟು ಮಂದಿ. ದಾರಿಯುದ್ದಕ್ಕೂ ಮಜ್ಜಿಗೆ ಕೊಟ್ಟು ಕೈಮುಗಿಯುವ ನಾವು, ಅದೇ ವಯಸ್ಸಿನವರು ಸೈಕಲ್ ಹತ್ತಿದರೆ ‘ಇವರಿಗೇನು ಹುಚ್ಚು?’ ಎನ್ನುತ್ತೇವೆ. ಮಂಡಿಯ ದೃಷ್ಟಿಯಿಂದ ನೋಡಿದರೆ ಸೈಕಲ್ಲೇ ಹಗುರ. ದೇಹದ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಮಂಡಿ ಸವೆದು ದೂರ ನಡೆಯಲಾರದ ಎಷ್ಟೋ ಮಂದಿ ಆರಾಮವಾಗಿ ಪೆಡಲ್ ತುಳಿಯುತ್ತಾರೆ. ಬೀಳುವ ಭಯ ಮತ್ತು ವಾಹನಗಳ ಭಯ ಸೈಕಲ್ಲಿನಲ್ಲಿ ಹೆಚ್ಚು, ನಿಜ. ಆದರೆ ಮನೆಯವರ ವಿರೋಧಕ್ಕೆ ಕಾರಣ ಬಹಳ ಸಲ ಅದಲ್ಲ. ‘ಮಗ ಕಾರಿಟ್ಟುಕೊಂಡು ಅಪ್ಪನನ್ನು ಸೈಕಲ್ ತುಳಿಯಲು ಬಿಟ್ಟಿದ್ದಾನೆ’ ಎಂದು ನೆಂಟರು ಆಡಿಕೊಂಡಾರು ಎಂಬ ಸಂಕೋಚ. ಇದಕ್ಕೆ ನನ್ನಲ್ಲಿ ಔಷಧವಿಲ್ಲ.

ವಯಸ್ಸಾದವರ ಸೈಕಲ್ ಸವಾರಿಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆ? ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಸಂಶೋಧಕರು 55ರಿಂದ 79 ವರ್ಷದ 125 ಹವ್ಯಾಸಿ ಸೈಕಲ್ ಸವಾರರನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಸರಾದರೆ 100 ಕಿ.ಮೀ.ಯನ್ನು ಆರೂವರೆ ಗಂಟೆಯೊಳಗೆ, ಹೆಂಗಸರಾದರೆ 60 ಕಿ.ಮೀ.ಯನ್ನು ಐದೂವರೆ ಗಂಟೆಯೊಳಗೆ ಮುಗಿಸಬಲ್ಲವರನ್ನಷ್ಟೇ ಆರಿಸಿದ್ದರು. ವಯಸ್ಸಿನೊಂದಿಗೆ ಕರಗಬೇಕಾದ ಮಾಂಸಖಂಡ ಇವರಲ್ಲಿ ಅಷ್ಟಾಗಿ ಕರಗಿರಲಿಲ್ಲ. ಎದೆಯೊಳಗಿನ ಥೈಮಸ್ ಗ್ರಂಥಿ ರೋಗನಿರೋಧಕ ಕಣಗಳನ್ನು ತಯಾರಿಸುವುದು ಪ್ರಾಯ ಕಳೆದಂತೆ ಕಡಿಮೆಯಾಗುತ್ತದೆ. ಇವರಲ್ಲಿ ಅದು ತರುಣರಷ್ಟೇ ಚುರುಕಾಗಿತ್ತು. ಆದರೆ ಧೂಮಪಾನಿಗಳನ್ನೂ ರಕ್ತದೊತ್ತಡ ಹೆಚ್ಚಿರುವವರನ್ನೂ ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಎರಡು ಮಾತ್ರೆ ನುಂಗುವ ನಮ್ಮ ಮೇಷ್ಟರಿಗೆ ಅದು ಹಾಗೆಯೇ ಅನ್ವಯಿಸುವುದಿಲ್ಲ.

ಫ್ರಾನ್ಸಿನ ರಾಬರ್ಟ್ ಮಾರ್ಷಾಂ ಎಂಬವರ ಕಥೆ ನನಗೆ ಇನ್ನೂ ಇಷ್ಟ. 1911ರಲ್ಲಿ ಹುಟ್ಟಿದ ಇವರು ಯೌವನದಲ್ಲಿ ಬಿಟ್ಟಿದ್ದ ಸೈಕಲ್ಲನ್ನು ಮತ್ತೆ ಗಂಭೀರವಾಗಿ ಹಿಡಿದದ್ದು 65 ದಾಟಿದ ಮೇಲೆ. 1992ರಲ್ಲಿ, ಎಂಬತ್ತರ ಪ್ರಾಯದಲ್ಲಿ, ಪ್ಯಾರಿಸ್ಸಿನಿಂದ ಮಾಸ್ಕೋಗೆ ಸೈಕಲ್ಲಿನಲ್ಲಿ ಹೋದರು. ನೂರು ದಾಟಿದ ಮೇಲೆ ಒಂದು ಗಂಟೆಯಲ್ಲಿ ಎಷ್ಟು ದೂರ ಹೋಗಬಲ್ಲರೆಂಬ ದಾಖಲೆಗಳನ್ನು ಮಾಡಿದರು, 2014ರಲ್ಲಿ 26.9 ಕಿ.ಮೀ. ವೈದ್ಯರಿಗೆ ಬೆರಗು ತಂದದ್ದು ಬೇರೆ ಸಂಗತಿ. 101ರಿಂದ 103ನೇ ವಯಸ್ಸಿನ ನಡುವೆ ಕ್ರಮಬದ್ಧ ಅಭ್ಯಾಸದಿಂದ ಅವರ ದೇಹದ ಆಮ್ಲಜನಕ ಬಳಸುವ ಶಕ್ತಿ ಶೇ. 13ರಷ್ಟು ಹೆಚ್ಚಿತು. ಆ ಅಭ್ಯಾಸದಲ್ಲಿ ಬಹುಪಾಲು ಹಗುರ ಸವಾರಿ, ಸ್ವಲ್ಪ ಮಾತ್ರ ಬಿರುಸು. ಅವರು ತೀರಿಕೊಂಡದ್ದು 2021ರಲ್ಲಿ, 109ನೇ ವಯಸ್ಸಿನಲ್ಲಿ. ಎಲ್ಲರೂ ಮಾರ್ಷಾಂ ಆಗಲಾರರು. ಆದರೆ ‘ವಯಸ್ಸಾದ ಮೇಲೆ ದೇಹ ಹೊಸದೇನನ್ನೂ ಕಲಿಯದು’ ಎಂಬ ಮಾತನ್ನು ಅವರು ಸುಳ್ಳು ಮಾಡಿದರು.

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲನೆಯ ಮತ್ತು ಅತಿ ಮುಖ್ಯವಾದ ವಿಷಯ ಮಾತ್ರೆಗಳದು. ಎಲ್ಲರೂ ‘ಹೃದಯ, ಹೃದಯ’ ಎನ್ನುತ್ತಾರೆಯೇ ಹೊರತು ಮಾತ್ರೆ ಡಬ್ಬಿಯನ್ನು ತೆರೆದು ನೋಡುವುದಿಲ್ಲ. ಸಕ್ಕರೆ ಕಾಯಿಲೆಗೆ ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಮಾತೇ ಬೇರೆ. ನಾಲ್ಕು ಗಂಟೆ ಪೆಡಲ್ ತುಳಿದವರ ಸ್ನಾಯುಗಳು ಸವಾರಿ ಮುಗಿದ ಮೇಲೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ. ಹಗಲು ಚೆನ್ನಾಗಿದ್ದವರು ಲಾಡ್ಜಿನ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಬೆವೆತು ತಡವರಿಸುವುದುಂಟು. ಆದ್ದರಿಂದ ಸವಾರಿಯ ದಿನಗಳಿಗೆ ಎಷ್ಟು ಮಾತ್ರೆ ಎಂಬುದನ್ನು ಮೊದಲೇ ತಮ್ಮ ವೈದ್ಯರಿಂದ ಬರೆಸಿಕೊಳ್ಳಬೇಕು. ತಾವಾಗಿಯೇ ಕಡಿಮೆ ಮಾಡುವುದಾಗಲಿ ಬಿಡುವುದಾಗಲಿ ಕೂಡದು. ಸಕ್ಕರೆ ನೋಡುವ ಸಣ್ಣ ಯಂತ್ರ ಜೊತೆಗಿರಲಿ. ಹೊರಡುವ ಮುನ್ನ, ನಡುವೆ ಒಮ್ಮೆ, ಮಲಗುವ ಮುನ್ನ ನೋಡಿಕೊಳ್ಳಲಿ. ಹೊರಡುವಾಗ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಪೊಟ್ಟಣ ಇರಲೇಬೇಕು; ಚಾಕಲೇಟು ಸಾಲದು, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರು ಕಳೆಯುತ್ತವೆ. ಅದನ್ನು ನುಂಗುವವರು ಉಪವಾಸವಿದ್ದು ಸೈಕಲ್ ತುಳಿಯುವ ಸಾಹಸಕ್ಕೆ ಹೋಗಬಾರದು.

ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ನಾಡಿ ಎಷ್ಟು ತುಳಿದರೂ ಹೆಚ್ಚು ಏರುವುದಿಲ್ಲ. ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ನಂಬಿ ‘ಇನ್ನೂ ಬಿಗಿಯಾಗಿ ತುಳಿಯಬಹುದು’ ಎಂದುಕೊಂಡರೆ ಕೆಟ್ಟಿತು. ಸಕ್ಕರೆ ಇಳಿದಾಗ ಬರುವ ಎದೆಬಡಿತ, ನಡುಕವನ್ನೂ ಇವು ಮುಚ್ಚಿಡುತ್ತವೆ. ಬೆವರು ಮಾತ್ರ ಸುಳಿವು ಕೊಡುತ್ತದೆ. ಇಂಥವರಿಗೆ ಹಳೆಯ ಉಪಾಯವೇ ಒಳ್ಳೆಯದು: ತುಳಿಯುತ್ತಾ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಸಾಧ್ಯವಾಗಬೇಕು. ಮಾತು ತುಂಡಾದರೆ ವೇಗ ತಗ್ಗಿಸಿ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುವ ಹಿರಿಯರು ಸೈಕಲ್ಲಿನಿಂದ ಇಳಿದೊಡನೆ ನೆಟ್ಟಗೆ ನಿಂತು ಹೊರಡಬಾರದು, ಕಣ್ಣು ಕತ್ತಲಿಟ್ಟೀತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಹೊರಗೆ ಏನೂ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ ತಲೆಯ ಸ್ಕ್ಯಾನ್ ಬೇಕೇ ಎಂದು ಕೇಳಬೇಕು. ಹೆಲ್ಮೆಟ್ ಇಲ್ಲದೆ ಯಾರೂ ಹೊರಡಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಹೃದಯದ ಪರೀಕ್ಷೆ ಬೇಡವೇ? ಬೇಕು. ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವೇ ಬರದೆ ಹೃದಯದ ತೊಂದರೆ ಆಗುವುದುಂಟು. ಆದರೆ ಟ್ರೆಡ್‌ಮಿಲ್ ಪರೀಕ್ಷೆ ಚೆನ್ನಾಗಿ ಬಂತೆಂದು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಡಿ. ದಾರಿಯಲ್ಲಿ ಎದೆ ಬಿಗಿತ, ದವಡೆ ಅಥವಾ ತೋಳಿನ ನೋವು, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಂತು 108ಕ್ಕೆ ಫೋನ್ ಮಾಡಬೇಕು. ‘ಇನ್ನು ಐದೇ ಕಿಲೋಮೀಟರು’ ಎಂಬ ಲೆಕ್ಕ ಆಗ ಬೇಡ.

ಎರಡನೆಯದು ದೂರ. ಪ್ರವಾಸದ ಸೈಕಲ್ ಸವಾರಿಗೆ ತಳಪಾಯ ಹಾಕಿದ ಫ್ರಾನ್ಸಿನ ಪಾಲ್ ದ ವಿವಿ (1853–1930) ಸವಾರರಿಗೆ ಕೆಲವು ನಿಯಮ ಮಾಡಿಟ್ಟಿದ್ದರು. ಬಾಯಾರುವ ಮೊದಲೇ ಕುಡಿಯಬೇಕು, ಹಸಿಯುವ ಮೊದಲೇ ತಿನ್ನಬೇಕು, ಊಟ ನಿದ್ದೆ ಸೇರದಷ್ಟು ದಣಿಯಬಾರದು, ಒಣ ಪ್ರತಿಷ್ಠೆಗಾಗಿ ತುಳಿಯಬಾರದು ಎಂಬುದು ಅವುಗಳ ಸಾರ. ಅರವತ್ತು ದಾಟಿದವರಿಗೆ ನಾನಾದರೂ ಇದಕ್ಕಿಂತ ಹೆಚ್ಚೇನೂ ಹೇಳಲಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂಕಾಗುತ್ತದೆ. ದೇಹ ಒಣಗಿದರೂ ಗೊತ್ತಾಗದು. ಮಜ್ಜಿಗೆ, ಉಪ್ಪು ಹಾಕಿದ ಗಂಜಿನೀರು, ಓ.ಆರ್.ಎಸ್. ಒಳ್ಳೆಯವು. ಹಾಗೆಂದು ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆ ಗೊಂದಲವಾದೀತು. ಮೂತ್ರಪಿಂಡದ ತೊಂದರೆ ಇರುವವರು ಎಳನೀರಿನ ಬಗ್ಗೆ ವೈದ್ಯರನ್ನು ಕೇಳಬೇಕು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಒಣ ಪ್ರತಿಷ್ಠೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬೆಂಗಳೂರು, ಮೈಸೂರುಗಳಲ್ಲಿ ಈಗ ಹದಿಮೂರೂವರೆ ಗಂಟೆಯಲ್ಲಿ 200 ಕಿ.ಮೀ. ಮುಗಿಸುವ ಸವಾರಿಗಳು ನಡೆಯುತ್ತವೆ. ವರ್ಷಗಳ ಅಭ್ಯಾಸವಿರುವ ಹಿರಿಯರು ಅದರಲ್ಲಿ ಭಾಗವಹಿಸಿದರೆ ನನ್ನ ತಕರಾರಿಲ್ಲ. ನಿವೃತ್ತಿಯ ಮರುದಿನ ಸೈಕಲ್ ಕೊಂಡವರು ಅದನ್ನು ನೋಡಿ ಹುರುಪಾಗಬಾರದು. ಮೂವತ್ತೈದು ವರ್ಷ ಗಂಟೆ ನೋಡಿ ಬದುಕಿದವರು ಮತ್ತೆ ಗಡಿಯಾರದ ಹಿಂದೆ ಯಾಕೆ ಬೀಳಬೇಕು?

ನಮ್ಮ ಮೇಷ್ಟರ ದಾರಿಯನ್ನೇ ನೋಡೋಣ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿ.ಮೀ., ಅಲ್ಲಿಂದ ಜೋಗಕ್ಕೆ 30. ಜೋಗದಿಂದ ಹೊನ್ನಾವರಕ್ಕೆ ಸುಮಾರು 60, ಅದರಲ್ಲಿ ಗೇರುಸೊಪ್ಪೆಯ ಘಟ್ಟದ ಇಳಿಜಾರು. ಸಾಗರವನ್ನು ಒಂದೇ ದಿನದಲ್ಲಿ ಮುಟ್ಟುವ ಬದಲು ಆನಂದಪುರದಲ್ಲಿ ಒಂದು ರಾತ್ರಿ ತಂಗಲಿ. ಜೋಗದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಇರಲಿ. ಘಟ್ಟ ಇಳಿಯುವುದು ಸುಲಭವೆಂದು ಎಲ್ಲರೂ ತಿಳಿಯುತ್ತಾರೆ. ಅಪಾಯವಿರುವುದು ಅಲ್ಲೇ. ಬ್ರೇಕ್ ಹಿಡಿದೇ ಇದ್ದರೆ ಬೆರಳು ಮರಗಟ್ಟುತ್ತವೆ, ಬ್ರೇಕ್ ರಬ್ಬರ್ ಕಾದು ಹಿಡಿತ ತಪ್ಪುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು, ನಡುವೆ ನಿಲ್ಲಬೇಕು. ಕರಾವಳಿ ಮುಟ್ಟಿದ ಮೇಲೆ ಜನವರಿಯಲ್ಲೂ ಮಧ್ಯಾಹ್ನದ ಸೆಕೆ ಮೈ ಹಿಂಡುತ್ತದೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ತುಳಿದು ನೆರಳು ಸೇರಬೇಕು. ಹೊನ್ನಾವರದ ಆಚೆ ಹೆದ್ದಾರಿಯಲ್ಲಿ ಲಾರಿಗಳ ಸಾಲು ಇರುವುದರಿಂದ ಹ್ಯಾಂಡಲ್ಲಿಗೆ ಕನ್ನಡಿ ಹಾಕಿಸಿಕೊಳ್ಳಲಿ. ಸಂಜೆಗತ್ತಲಲ್ಲಿ ಸವಾರಿ ಬೇಡವೇ ಬೇಡ. ಕಣ್ಣಿನ ಪೊರೆ ಆರಂಭವಾದವರಿಗೆ ಎದುರು ದೀಪದ ಬೆಳಕು ಒಡೆದು ಕಾಣುತ್ತದೆ. (ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೂ ಪ್ರವೇಶ ನಿಷೇಧಿಸಲಾಯಿತು. ಆ ಕಡೆಯವರು ಬೇರೆ ದಾರಿ ನೋಡಿಕೊಳ್ಳಬೇಕು.)

ಅಭ್ಯಾಸಕ್ಕೆ ಕಡೇಪಕ್ಷ ಮೂರು ತಿಂಗಳು ಬೇಕೆಂಬುದು ನನ್ನ ಅಭಿಪ್ರಾಯ. ವಾರಕ್ಕೆ ನಾಲ್ಕು ದಿನ, ಮೊದಲು ಹತ್ತು ಕಿಲೋಮೀಟರಿನಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಒಂದು ದಿನ 40 ಕಿ.ಮೀ. ಹೋಗಿ ಬಂದವರು ಸಿದ್ಧರಾದರು ಎನ್ನಲಾಗದು. ಮರುದಿನ ಬೆಳಿಗ್ಗೆ ಅಷ್ಟೇ ದೂರವನ್ನು ಸಂಕಟವಿಲ್ಲದೆ ಹೋದರೆ ಸಿದ್ಧರಾದ ಹಾಗೆ. ಪ್ರವಾಸವೆಂದರೆ ನಾಳೆಯೂ ತುಳಿಯುವುದು ತಾನೇ?

ಸೀಟಿನ ವಿಷಯದಲ್ಲಿ ನಮ್ಮವರದ್ದು ಒಂದು ಹಳೆಯ ಅಭ್ಯಾಸ: ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗಬೇಕೆಂದು ಸೀಟನ್ನು ತಗ್ಗಿಸಿಬಿಡುತ್ತಾರೆ. ಮಂಡಿಚಿಪ್ಪಿನ ನೋವಿಗೆ ಇದೇ ಮೂಲ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರ ಸರಿ. ಗಂಟೆಗಟ್ಟಲೆ ಕೂತಾಗ ತೊಡೆಸಂದಿನ ನರ ಒತ್ತಿ ಮರಗಟ್ಟುವುದುಂಟು. ನಾಚಿಕೆಯಿಂದ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತರೆ, ಸೀಟಿನ ಮೂತಿ ಮೇಲೆದ್ದಿರದಂತೆ ನೋಡಿಕೊಂಡರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಕಿರುಬೆರಳು ಜೋಮು ಹಿಡಿದರೆ ಕೈಯ ಭಂಗಿ ಬದಲಿಸಿ. ಸಾಮಾನು ಬೆನ್ನಿಗೆ ಬೇಡ, ಕ್ಯಾರಿಯರಿನ ಎರಡೂ ಬದಿಗೆ ಚೀಲ ಕಟ್ಟಲಿ.

ಒಬ್ಬರೇ ಹೋಗುವುದಕ್ಕೆ ಮಾತ್ರ ನಾನೂ ಒಪ್ಪುವುದಿಲ್ಲ. ಮೇಷ್ಟರಿಗೆ ಒಬ್ಬ ಹಳೆಯ ಸಹೋದ್ಯೋಗಿ ಸಿಗಲಾರರೇ? ಅವರ ಶ್ರೀಮತಿಯವರನ್ನೇ ಕೇಳಿದ್ದಾರೆಯೇ? ಶಾಲೆಗೆ ಸೈಕಲ್ಲಿನಲ್ಲಿ ಹೋಗಿ ಬಂದ ಹೆಂಗಸರು ಆ ತಲೆಮಾರಿನಲ್ಲೂ ಇದ್ದಾರೆ; ಮದುವೆಯಾದ ಮೇಲೆ ಯಾರೂ ಅವರಿಗೆ ಸೈಕಲ್ ಕೊಡಲಿಲ್ಲ ಅಷ್ಟೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದರಿಂದ ಅವರು ಬೀಳದಂತೆ ಹೆಚ್ಚು ಎಚ್ಚರ ವಹಿಸಬೇಕು. ಸೈಕಲ್ ಸವಾರಿ ಸ್ನಾಯುವಿಗೂ ಹೃದಯಕ್ಕೂ ಒಳ್ಳೆಯದಾದರೂ ಮೂಳೆಗೆ ಅಷ್ಟಾಗಿ ಉಪಕಾರಿಯಲ್ಲ, ಮೂಳೆಗೆ ಭಾರ ಬೀಳಬೇಕು. ಹಾಗಾಗಿ ಗಂಡಸರಾಗಲಿ ಹೆಂಗಸರಾಗಲಿ ಸೈಕಲ್ ಬಂತೆಂದು ನಡಿಗೆಯನ್ನು ಬಿಡಬಾರದು.

ಹಿಂದಿರುಗುವಾಗ ಘಟ್ಟ ಹತ್ತುವ ಹಟ ಬೇಡ, ಸೈಕಲ್ಲನ್ನು ಬಸ್ಸಿಗೆ ಹಾಕಿ ಬರಲಿ. ಸವಾರಿ ನಿಂತ ಒಂದೆರಡು ದಿನದಲ್ಲಿ ಸಕ್ಕರೆ ಮತ್ತೆ ಮೊದಲಿನ ಮಟ್ಟಕ್ಕೆ ಏರತೊಡಗುತ್ತದೆ. ದಾರಿಗೆಂದು ಬರೆದುಕೊಟ್ಟ ಮಾತ್ರೆಯ ಪ್ರಮಾಣವನ್ನೇ ಮನೆಯಲ್ಲೂ ಮುಂದುವರಿಸದೆ, ಮೂರನೆಯ ದಿನ ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ಆ ಚೀಟಿಯೊಡನೆ ತಮ್ಮ ವೈದ್ಯರನ್ನು ಕಾಣಲಿ.