ಎರಡು ದಿನದ ರಜೆ ನಿಮಗೂ ಬೇಡವೇ?

ಬರೀ ಊರು ನೋಡಲೆಂದೇ ನೀವು ಮನೆಯಿಂದ ಹೊರಟು ಎಷ್ಟು ದಿನವಾಯಿತು? ನಾದಿನಿ ಮಗನ ಮದುವೆ, ಅತ್ತೆಯವರ ಹರಕೆ ಇವೆಲ್ಲ ಲೆಕ್ಕಕ್ಕಿಲ್ಲ. ‘ಬೇಸಿಗೇಲಿ ಟೂರ್ ಹೋಗಿದ್ವಲ್ಲ’ ಅಂತೀರಾ? ಹಿಂದಿನ ರಾತ್ರಿ ಚಪಾತಿ ಲಟ್ಟಿಸಿ, ಪುಳಿಯೋಗರೆ ಕಲಸಿ, ಅಲ್ಲಿ ಎಲ್ಲರೂ ಮೆಟ್ಟಿಲು ಹತ್ತಿ ಇಳಿಯುವವರೆಗೂ ಕೆಳಗೆ ಬ್ಯಾಗು ಕಾಯುತ್ತ ಕೂತವರು ಯಾರು? ನೀವೇ ತಾನೆ!

ಈ ಸಲ ಹಾಗಾಗಬಾರದು. ವಾರಗಟ್ಟಲೆ ರಜೆ, ಲಕ್ಷಗಟ್ಟಲೆ ಖರ್ಚು ಏನೂ ಬೇಡ. ಒಂದು ಶನಿವಾರ, ಒಂದು ಭಾನುವಾರ ಸಾಕು. ವಿಜಯಪುರವನ್ನೇ ತೆಗೆದುಕೊಳ್ಳಿ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ರೈಲೋ ಬಸ್ಸೋ ಹತ್ತಿದರೆ ಬೆಳಿಗ್ಗೆ ಆ ಊರಲ್ಲಿರುತ್ತೀರಿ.

ಮೊದಲು ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಗುಮ್ಮಟದ ಹೊರ ಅಳತೆ ಸುಮಾರು 44 ಮೀಟರ್, ನಡುವೆ ಒಂದೂ ಕಂಬವಿಲ್ಲ! ಶಾಲೆ ಮಕ್ಕಳ ಕೂಗಾಟ ಶುರುವಾಗುವ ಮೊದಲೇ ಮೇಲೆ ಹತ್ತಿ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ‘ನಮ್ಮನೇಲಿ ನನ್ನ ಮಾತು ಯಾರೂ ಕೇಳಲ್ಲ’ ಎನ್ನುವವರು ಯಜಮಾನರನ್ನು ಎದುರುಗಡೆ ನಿಲ್ಲಿಸಿ ನೋಡಿ!

ಆಮೇಲೆ ಇಬ್ರಾಹಿಂ ರೋಜಾ. ರಾಣಿ ತಾಜ್ ಸುಲ್ತಾನಾ ಮತ್ತು ಎರಡನೇ ಇಬ್ರಾಹಿಂ ಆದಿಲ್ ಶಾಹ ಇಬ್ಬರೂ ಮಲಗಿರುವುದು ಇಲ್ಲೇ. ಮೆಟ್ಟಿಲು ಹತ್ತಲಾಗದವರು ಇದರ ಕುಸುರಿಯನ್ನು ನಿಧಾನವಾಗಿ ನೋಡಬಹುದು. ಚಾಂದ್ ಬಾವಡಿಯನ್ನೂ ಬಿಡಬೇಡಿ. ಎಳೆಯ ಇಬ್ರಾಹಿಮನ ಪರವಾಗಿ ಈ ರಾಜ್ಯ ನಡೆಸಿದ, 1595-96ರಲ್ಲಿ ಅಹಮದ್‌ನಗರದ ಕೋಟೆಯಲ್ಲಿ ನಿಂತು ಮೊಘಲರ ದಂಡನ್ನು ತಡೆದ ಚಾಂದ್ ಬೀಬಿಯ ಹೆಸರಿನ ಬಾವಿ ಅದು. ಪಾಠದಲ್ಲಿ ಒಂದೇ ಸಾಲಲ್ಲಿ ಓದಿ ಮರೆತ ಹೆಣ್ಣುಮಗಳು ಇಲ್ಲಿ ಮತ್ತೆ ನೆನಪಾಗುತ್ತಾಳೆ.

ಊಟಕ್ಕೆ ಖಾನಾವಳಿಗೇ ಹೋಗಿ. ಬಿಸಿ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೇರೆಯವರು ಬಡಿದ ರೊಟ್ಟಿಯನ್ನು ಕೂತು ತಿನ್ನುವ ಸುಖ ನಮಗಲ್ಲದೆ ಇನ್ಯಾರಿಗೆ ಗೊತ್ತು? ಬರುವಾಗ ಶೇಂಗಾ ಹೋಳಿಗೆ ಕಟ್ಟಿಸಿಕೊಳ್ಳಿ.

ಕೆಲವು ಕಿವಿಮಾತು:

* ಅಲ್ಲಿ ಬಿಸಿಲು ಜೋರು. ದೀಪಾವಳಿಯಿಂದ ಶಿವರಾತ್ರಿಯೊಳಗೆ ಹೋಗಿ.

* ಒಬ್ಬೊಬ್ಬರ ಬ್ಯಾಗು ಅವರವರೇ ಹೊರಲಿ.

* ಮನೆಯವರಿಗೆ ಬಿಡುವಿಲ್ಲವೇ? ತಂಗಿಯನ್ನೋ ಗೆಳತಿಯನ್ನೋ ಕರೆದುಕೊಳ್ಳಿ.

* ತಿಂಗಳ ಖರ್ಚಿನಲ್ಲಿ ಉಳಿದದ್ದನ್ನು ಈ ಪ್ರವಾಸಕ್ಕೆಂದೇ ಒಂದು ಡಬ್ಬಿಗೆ ಹಾಕುತ್ತ ಬನ್ನಿ.

‘ಅಯ್ಯೋ, ನಾನಿಲ್ದೆ ಮನೆ ನಡೆಯುತ್ತಾ?’ ಎಂಬ ಚಿಂತೆಯೇ? ನಡೆಯುತ್ತದೆ. ಅನ್ನ ಸ್ವಲ್ಪ ಮುದ್ದೆಯಾದೀತು, ಸಿಂಕಿನಲ್ಲಿ ಪಾತ್ರೆ ಬಿದ್ದಿರಬಹುದು. ಎರಡು ದಿನಕ್ಕೆ ಮನೆಯೇನೂ ಮುಳುಗುವುದಿಲ್ಲ. ಮಕ್ಕಳ ಪರೀಕ್ಷೆ ಮುಗಿಯಲಿ, ಮಗಳ ಮದುವೆಯಾಗಲಿ ಎಂದು ಮುಂದೂಡುತ್ತ ಹೋದರೆ, ಸಮಯ ಸಿಕ್ಕಾಗ ಮೊಣಕಾಲು ಕೇಳುವುದಿಲ್ಲ. ಗುಮ್ಮಟ ಮುನ್ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ನಿಂತಿದೆ, ಇನ್ನೂ ನಿಂತಿರುತ್ತದೆ. ಆದರೆ ಅದನ್ನು ಹತ್ತುವ ಕಾಲುಗಳು ನಿಮ್ಮವು. ಇವತ್ತೇ ಕ್ಯಾಲೆಂಡರಿನಲ್ಲಿ ಒಂದು ಶನಿವಾರಕ್ಕೆ ಗುರುತು ಹಾಕಿ.